ಘಾಟಿಯ ಕನ್ನಡಿ, ಅಟ್ಟದ ತೊಟ್ಟಿಲು

ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಸುಮಾರು 60 ಕಿಲೋಮೀಟರು ಹೋದರೆ ಘಾಟಿ ಸುಬ್ರಹ್ಮಣ್ಯ ಸಿಗುತ್ತದೆ. ಈ ಕಡೆಯ ಊರುಗಳಲ್ಲಿ ಘಾಟಿಗೆ ಹರಕೆ ಹೊರದ ಮನೆ ಎಷ್ಟಿದ್ದೀತು ಹೇಳಿ? ಮದುವೆಯಾಗಿ ನಾಲ್ಕಾರು ವರ್ಷವಾದರೂ ಮಡಿಲು ತುಂಬಲಿಲ್ಲವೆಂದು ಸೊಸೆಯನ್ನು ಕರಕೊಂಡು ಬಂದ ಅತ್ತೆ, ಹರಕೆಯ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ಬಾಣಂತಿ, ನಾಗಪ್ರತಿಷ್ಠೆ ಮಾಡಿಸಲು ಬಂದ ದಂಪತಿಗಳು, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಅದು. ನೀವೂ ಒಮ್ಮೆಯಾದರೂ ಹೋಗಿರುತ್ತೀರಿ. ಹೋಗಿಲ್ಲದಿದ್ದರೆ ಈ ವರ್ಷ ಹೋಗಿ ಬನ್ನಿ.

ಆದರೆ ಇವತ್ತು ನಿಮ್ಮನ್ನು ಅಲ್ಲಿಗೆ ಕರೆಯುವುದಕ್ಕೆ ದರ್ಶನವೊಂದೇ ಕಾರಣವಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಗಿಣಿ, ಬಳ್ಳಿ ಕೆತ್ತಿದ ಹಳೆಯ ತೊಟ್ಟಿಲು ಇದೆಯೆ? ದೇವರ ಕೋಣೆಯಲ್ಲಿ ಮರದ ಮಂಟಪ, ನಡುಮನೆಯಲ್ಲಿ ಕೆತ್ತನೆಯ ಬಾಗಿಲವಾಡ ಇದೆಯೆ? ಅವುಗಳ ಸಂದುಗೊಂದಿನಲ್ಲಿ ಕೈಗೆ ಸಿಬಿರು ಚುಚ್ಚುವ ಒರಟು ಉಳಿದಿದೆಯೆ? ಹಾಗಿದ್ದರೆ ಘಾಟಿಯಲ್ಲಿ ನಿಮಗೆ ನೋಡಿ ಕಲಿಯುವಂಥ ಒಂದೆರಡು ಸಂಗತಿಗಳಿವೆ.

ಬೆನ್ನಿಗೆ ನಿಂತ ಸ್ವಾಮಿ

ದೊಡ್ಡಬಳ್ಳಾಪುರ ದಾಟಿ ತೂಬಗೆರೆ ಹೋಬಳಿಯ ಕಡೆ ಹೊರಳಿದರೆ ಮಾಕಳಿದುರ್ಗದ ಬಂಡೆಬೆಟ್ಟಗಳು ಕಾಣತೊಡಗುತ್ತವೆ. ಆ ಬೆಟ್ಟಗಳ ಮಗ್ಗುಲಲ್ಲೇ ದೇವಸ್ಥಾನ. ಕುಕ್ಕೆಯನ್ನು ಆದಿ ಸುಬ್ರಹ್ಮಣ್ಯವೆಂದೂ ಘಾಟಿಯನ್ನು ಮಧ್ಯ ಸುಬ್ರಹ್ಮಣ್ಯವೆಂದೂ ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಅಂತ್ಯ ಸುಬ್ರಹ್ಮಣ್ಯವೆಂದೂ ಕರೆಯುವುದು ರೂಢಿ. ಸಂಡೂರಿನ ಘೋರ್ಪಡೆ ಅರಸರ ಹೆಸರು ಈ ಕ್ಷೇತ್ರದ ಇತಿಹಾಸದಲ್ಲಿ ಬರುತ್ತದೆ.

ಗರ್ಭಗುಡಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಏಳು ಹೆಡೆಯ ನಾಗನೊಂದಿಗೆ ಸುಬ್ರಹ್ಮಣ್ಯ ಇದ್ದಾನೆ. ಅದೇ ಕಲ್ಲಿನ ಹಿಂಬದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನರಸಿಂಹ ಇದ್ದಾನೆ. ಗರುಡನಿಂದ ನಾಗಗಳಿಗೆ ಭಯ ಬಂದಾಗ ಸುಬ್ರಹ್ಮಣ್ಯ ನರಸಿಂಹನನ್ನು ಬೇಡಿಕೊಂಡ, ಸ್ವಾಮಿ ಬಂದು ಬೆನ್ನಿಗೆ ನಿಂತ ಎಂಬುದು ಅಲ್ಲಿ ಹೇಳುವ ಕಥೆ. ಎದುರಿಗೆ ನಿಂತ ನಮಗೆ ಹಿಂಬದಿಯ ಸ್ವಾಮಿ ಕಾಣುವುದು ಹೇಗೆ? ಅದಕ್ಕೇ ಮೂರ್ತಿಯ ಹಿಂದೆ ದೊಡ್ಡದೊಂದು ಕನ್ನಡಿ ಇಟ್ಟಿದ್ದಾರೆ. ಮುಂದೆ ನಿಂತೇ ಎರಡೂ ದರ್ಶನವಾಗುತ್ತದೆ.

ಆ ಕನ್ನಡಿಯ ಉಪಾಯವನ್ನು ನೆನಪಿಟ್ಟುಕೊಳ್ಳಿ. ಕೆತ್ತನೆಯ ಕೆಲಸದಲ್ಲಿ ಎದುರಿಗೆ ಕಾಣುವುದೆಲ್ಲ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಕಾಣದ ಹಿಂಬದಿಯಲ್ಲಿ, ಗಿಣಿಯ ಕೊಕ್ಕಿನ ಅಡಿಯಲ್ಲಿ, ಬಳ್ಳಿಯ ಸುರುಳಿಯ ಒಳಗಡೆ. ಮನೆಯಲ್ಲಿ ಇದಕ್ಕೆ ಪುಟ್ಟ ಕೈಗನ್ನಡಿಯೇ ಸಾಕು.

ಕೈ ತಾಕಿದ್ದು ನುಣುಪು, ತಾಕದ್ದು ಒರಟು

ದರ್ಶನ ಮುಗಿಸಿ ಹೊರಗೆ ಬಂದರೆ ಸಾಲುಸಾಲಾಗಿ ನಾಗರಕಲ್ಲುಗಳಿವೆ. ಒಂದೊಂದು ಕಲ್ಲಿನ ಹಿಂದೆಯೂ ಒಂದೊಂದು ಮನೆಯ ಹರಕೆ. ಹಾಲೆರೆದು, ಅರಿಸಿನ ಕುಂಕುಮ ಹಚ್ಚಿ ಪ್ರದಕ್ಷಿಣೆ ಬರುವಾಗ ಹಳೆಯ ಕಲ್ಲೊಂದನ್ನು ಸ್ವಲ್ಪ ನಿಂತು ನೋಡಿ. ವರ್ಷಗಟ್ಟಲೆ ಹೆಂಗಸರ ಕೈ ಸವರಿ ಸವರಿ ಹೆಡೆಯ ಉಬ್ಬು ನುಣ್ಣಗಾಗಿರುತ್ತದೆ. ಹೆಣೆದುಕೊಂಡ ಎರಡು ಹಾವುಗಳ ನಡುವಿನ ಕುಳಿಯಲ್ಲಿ ಮಾತ್ರ ಉಳಿಯ ಗುರುತು ಹಾಗೆಯೇ ಇರುತ್ತದೆ, ಅರಿಸಿನ ಗಟ್ಟಿಯಾಗಿ ಕೂತಿರುತ್ತದೆ. ಉಬ್ಬಿದ ಕಡೆ ಕೈ ತಾನಾಗಿ ಹೋಗುತ್ತದೆ. ತಗ್ಗಿನ ಕಡೆ ನಾವೇ ಕಳಿಸಬೇಕು. ಮರದ ಕೆತ್ತನೆಗೂ ಇದೇ ಮಾತು.

ಇನ್ನು ಪುಷ್ಯ ಮಾಸದ ಶುದ್ಧ ಷಷ್ಠಿಗೆ, ಅಂದರೆ ಡಿಸೆಂಬರ್-ಜನವರಿಯ ಚಳಿಯಲ್ಲಿ, ಇಲ್ಲಿ ಬ್ರಹ್ಮರಥೋತ್ಸವ. ಅದೇ ಸುಮಾರಿಗೆ ನಡೆಯುವ ದನಗಳ ಜಾತ್ರೆ ದೂರದೂರಕ್ಕೆ ಹೆಸರಾದದ್ದು. ಶೃಂಗಾರ ಮಾಡಿದ ಹೋರಿಗಳ ಜೋಡಿ ನೋಡಲು ಗಂಡಸರು ಮುಗಿಬೀಳುತ್ತಾರೆ. ನೀವು ಅಲ್ಲಿ ಇನ್ನೊಂದನ್ನು ಗಮನಿಸಬಹುದು. ನೊಗ ಕೊಳ್ಳುವ ರೈತ ಮೇಲಿನ ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ಎತ್ತಿನ ಹೆಗಲ ಮೇಲೆ ಕೂರುವ ಒಳಮೈಯನ್ನು ಅಂಗೈಯಿಂದ ಸವರಿ ನೋಡುತ್ತಾನೆ. ಅಲ್ಲಿ ಒರಟಿದ್ದರೆ ದಿನವಿಡೀ ದುಡಿಯುವ ಎತ್ತಿನ ಹೆಗಲು ಹುಣ್ಣಾಗುತ್ತದಲ್ಲ! ಎತ್ತಿಗೆ ಅಷ್ಟು ಯೋಚಿಸುವ ನಾವು ಕೂಸು ಮಲಗುವ ತೊಟ್ಟಿಲಿಗೆ ಯೋಚಿಸದಿದ್ದರೆ ಹೇಗೆ?

"ಮೂರು ತಲೆಮಾರು ಮಲಗಿದ ತೊಟ್ಟಿಲು ಕಣಮ್ಮಾ, ಅದಕ್ಕೇನಾಗಿದೆ?" ಅಂತ ಅತ್ತೆಯವರು ಅನ್ನಬಹುದು. ನಿಜ. ಆದರೆ ಇಪ್ಪತ್ತೈದು ವರ್ಷ ಅಟ್ಟದ ಮೇಲೆ ಬಿಸಿಲಿನ ಕಾವು, ಮಳೆಗಾಲದ ತೇವ ಎರಡನ್ನೂ ಉಂಡ ಮರ ಹಾಗೆಯೇ ಇರುವುದಿಲ್ಲ. ಎಳೆಗಳು ಎದ್ದಿರುತ್ತವೆ, ತುದಿಗಳು ಸೀಳಿರುತ್ತವೆ. ಆರು ತಿಂಗಳ ಮಗು ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ, ಕಚ್ಚುತ್ತದೆ. ನಮ್ಮ ಬೆರಳು ತೂರದ ಗಿಣಿಯ ರೆಕ್ಕೆಯ ಸಂದಿಗೆ ಅದರ ಬೆರಳು ಸಲೀಸಾಗಿ ತೂರುತ್ತದೆ.

ಮರ ಒರಟಾಗುವುದೇಕೆ?

ಮರಕ್ಕೆ ಎಳೆ ಇದೆ, ಬಟ್ಟೆಗೆ ನೂಲು ಇದ್ದ ಹಾಗೆ. ಉಳಿ ಎಳೆಯ ಜೊತೆಗೆ ಹೋದರೆ ಮರ ಬೆಣ್ಣೆಯ ಹಾಗೆ ಬರುತ್ತದೆ. ಎಳೆಗೆ ಎದುರಾಗಿ ಹೋದರೆ ಕಿತ್ತುಕೊಂಡು ಬರುತ್ತದೆ. ಬಳ್ಳಿಯ ಸುರುಳಿಯನ್ನು ಕೆತ್ತುವಾಗ ಒಂದು ಮಗ್ಗುಲು ಎಳೆಯ ಜೊತೆಗೂ ಇನ್ನೊಂದು ಮಗ್ಗುಲು ಎದುರಿಗೂ ಬೀಳುವುದು ತಪ್ಪಿದ್ದಲ್ಲ. ಅದಕ್ಕೇ ಒಂದೇ ಸುರುಳಿಯ ಅರ್ಧ ನುಣುಪು, ಅರ್ಧ ಒರಟು. ಉಳಿ ಮೊಂಡಾಗಿದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ಬಲ್ಲ ಆಚಾರಿಗಳು ಒರಟು ಕಂಡ ಕೂಡಲೇ ಮರಳುಕಾಗದ ಹಿಡಿಯುವುದಿಲ್ಲ. ಉಳಿಯನ್ನು ಸಾಣೆ ಹಿಡಿದು, ಎಳೆಯ ದಿಕ್ಕು ನೋಡಿ, ಕಿತ್ತುಬಂದ ಜಾಗವನ್ನು ಇನ್ನೊಮ್ಮೆ ತೆಳುವಾಗಿ ಹೆರೆಯುತ್ತಾರೆ. ಕಾಗದದ ಸರದಿ ಆಮೇಲೆ. ಮೊದಲೇ ಉಜ್ಜಿದರೆ ಕಾಗದದ ಹರಳು ಮರದೊಳಗೆ ಸಿಕ್ಕಿಕೊಂಡು, ಮುಂದೆ ತಾಗುವ ಉಳಿಯ ಬಾಯಿಯನ್ನು ಕೆಡಿಸುತ್ತದೆ. ದೊಡ್ಡ ಸೀಳು, ಮುರುಕು ಇದ್ದರೆ ನೀವು ಆಚಾರಿಯವರನ್ನು ಕರೆಸುವುದೇ ಸರಿ. ಸಣ್ಣಪುಟ್ಟ ಒರಟನ್ನು ಮಾತ್ರ ಮನೆಯಲ್ಲಿ ತೆಗೆಯಬಹುದು.

ಮೊದಲು ಈ ಎಚ್ಚರಿಕೆ

ತೊಟ್ಟಿಲಿಗೆ ಹಳೆಯ ಬಣ್ಣ ಬಳಿದಿದ್ದರೆ ಉಜ್ಜುವುದಕ್ಕೆ ಕೂರಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಸೇರಿರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಳೆಯ ಬಣ್ಣವನ್ನು ಒಣಗಾಗಿ ಉಜ್ಜಿದರೆ ಆ ಧೂಳು ಮನೆಯೆಲ್ಲ ಹರಡುತ್ತದೆ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಸೀಸ ವಿಷ, ಮಕ್ಕಳ ಬುದ್ಧಿ ಬೆಳವಣಿಗೆಗೇ ಪೆಟ್ಟು. ಬಣ್ಣದ ಹಳೆಯ ತೊಟ್ಟಿಲನ್ನು ನೆನಪಿಗೆಂದು ಎತ್ತಿಡಿ, ಕೂಸಿಗೆ ಬೇಡ.

ಮರದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಹೊಡೆದಿದೆಯೆಂದು ತಿಳಿಯಿರಿ. ಅದನ್ನೂ ಆಚಾರಿಯವರಿಗೆ ತೋರಿಸಿ. ತೊಟ್ಟಿಲ ಸರಳುಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಮಗುವಿನ ತಲೆ ಸಿಕ್ಕಿಕೊಳ್ಳುತ್ತದೆ. ಇಷ್ಟು ನೋಡಿಕೊಂಡು, ಬಣ್ಣವಿಲ್ಲದ ಬರಿಮರದ ತೊಟ್ಟಿಲಾದರೆ ಕೆಲಸಕ್ಕೆ ಇಳಿಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಹಿತ್ತಲಿನಲ್ಲಿ ಕೂತು ಮಾಡಿ. ಬೀಟೆಮರದ ಧೂಳು ಕೆಲವರಿಗೆ ಮೈ ಕೆರೆತ ತರುತ್ತದೆ. ಬಸುರಿ ಹೆಂಗಸು ಯಾವ ಮರದ ಧೂಳಿನಲ್ಲೂ ಕೂರುವುದು ಬೇಡ.

ಒರಟನ್ನು ಹುಡುಕುವ ಬಗೆ

ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಒಳ್ಳೆಯದು. ಎಣ್ಣೆಜಿಡ್ಡು, ಕುಂಕುಮ ಕೂತಿದ್ದರೆ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಮರವನ್ನು ನೆನೆಸಬೇಡಿ. ನೆರಳಿನಲ್ಲಿ ಎರಡು ದಿನ ಒಣಗಲಿ.

ಆಮೇಲೆ ಸಂಜೆ ಹೊತ್ತು ಟಾರ್ಚನ್ನು ಕೆತ್ತನೆಗೆ ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಹಗಲಿನಲ್ಲಿ ಕಾಣದ ಉಬ್ಬುತಗ್ಗು ನೆರಳಾಗಿ ಎದ್ದು ಕಾಣುತ್ತದೆ. ಹಿಂಬದಿಗೆ ಕೈಗನ್ನಡಿ. ಇನ್ನು ಬೆರಳಿನಿಂದ ತಡವಬೇಡಿ, ಸಿಬಿರು ಹೊಕ್ಕೀತು. ಹಳೆಯ ನೈಲಾನ್ ಸೀರೆಯದೋ ರೇಷ್ಮೆಯದೋ ತುಂಡನ್ನು ಮೆಲ್ಲಗೆ ಸವರಿಕೊಂಡು ಹೋಗಿ. ಎಲ್ಲಿ ನೂಲು ಸಿಕ್ಕಿ ಎಳೆಯುತ್ತದೋ ಅಲ್ಲಿ ಒರಟಿದೆ. ಆ ಜಾಗಕ್ಕೆ ಸೀಮೆಸುಣ್ಣದ ಚುಕ್ಕೆ ಇಡಿ.

ಸಂದಿಗೆ ಹೋಗುವ ಸಲಕರಣೆ

ಮರಳುಕಾಗದ ಬಣ್ಣದಂಗಡಿಯಲ್ಲಿ ಸಿಗುತ್ತದೆ, ಸ್ಯಾಂಡ್‌ಪೇಪರ್ ಅಂದರೆ ಕೊಡುತ್ತಾರೆ. ಅದರ ಹಿಂದೆ ನಂಬರು ಇರುತ್ತದೆ. ನಂಬರು ಹೆಚ್ಚಿದಷ್ಟೂ ನಯ. 120, 180, 240, 320, ಹೀಗೆ ಒಂದೊಂದು ಮೆಟ್ಟಿಲು ಏರಿ. ನಡುವಿನದನ್ನು ಬಿಟ್ಟು ಹಾರಿದರೆ ಮೊದಲಿನ ಗೀರುಗಳು ಹೋಗುವುದಿಲ್ಲ. ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಿ.

ತಟ್ಟೆಯಂಥ ಜಾಗಕ್ಕೆ ಇಷ್ಟು ಸಾಕು. ಕಷ್ಟ ಇರುವುದು ಸಂದಿಗೆ. ಬೆರಳು ಹೋಗದ ಕಡೆ ಬೆರಳಿನ ಬದಲು ಏನು ಹೋದೀತು ಎಂದು ಯೋಚಿಸಿದರೆ ಉಪಾಯ ಮನೆಯಲ್ಲೇ ಇದೆ.

ಚಪ್ಪಟೆ ಸಂದಿಗೆ: ಐಸ್‌ಕ್ರೀಂ ಕಡ್ಡಿಗೆ ಮರಳುಕಾಗದ ಅಂಟಿಸಿ, ತುದಿಯನ್ನು ಬೇಕಾದ ಹಾಗೆ ಓರೆಯಾಗಿ ಕತ್ತರಿಸಿ. ಉಗುರು ಉಜ್ಜುವ ಕಾಗದದ ಪಟ್ಟಿಯೂ ಆಗುತ್ತದೆ.

ಚೂಪಾದ ಮೂಲೆಗೆ: ಕಾಗದವನ್ನು ಮೂರು ಮಡಿಕೆ ಮಾಡಿದರೆ ಗಟ್ಟಿ ಅಂಚು ಬರುತ್ತದೆ. ಆ ಅಂಚನ್ನು ಮೂಲೆಯಲ್ಲಿ ಎಳೆಯಿರಿ. ಅಂಚು ಸವೆದ ಕೂಡಲೇ ಮಡಿಕೆ ಬದಲಿಸಿ.

ದುಂಡು ಕುಳಿಗೆ: ಊದುಬತ್ತಿಯ ಕಡ್ಡಿ, ಬಿದಿರುಕಡ್ಡಿ, ಪೆನ್ಸಿಲ್, ಕುಳಿಯ ಅಳತೆಗೆ ಯಾವುದು ಸರಿಯೋ ಅದಕ್ಕೆ ಕಾಗದ ಸುತ್ತಿ ಅಂಟಿಸಿ. ಕಡ್ಡಿ ಕುಳಿಗಿಂತ ಸ್ವಲ್ಪ ಸಣ್ಣದಿರಲಿ. ಅಕ್ಕಸಾಲಿಗರು ಬಳಸುವ ಸಣ್ಣ ಅರಗಳ ಕಟ್ಟು ಸಿಕ್ಕಿದರೆ ಇನ್ನೂ ಒಳ್ಳೆಯದು.

ತೂತು ಕೊರೆದ ಜಾಲಂಧ್ರಕ್ಕೆ: ಬಟ್ಟೆಯ ಬೆನ್ನಿರುವ ಎಮರಿಯನ್ನು ಬೆರಳಗಲಕ್ಕಿಂತ ಸಣ್ಣ ಪಟ್ಟಿಯಾಗಿ ಹರಿಯಿರಿ. ಪಟ್ಟಿಯನ್ನು ತೂತಿನಲ್ಲಿ ತೂರಿಸಿ ಎರಡೂ ತುದಿ ಹಿಡಿದು, ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಹಗ್ಗ ಎಳೆದಂತೆ ಅತ್ತ ಇತ್ತ ಎಳೆಯಿರಿ. ಒಂದೇ ಕಡೆ ಎಳೆದರೆ ಗಾಡಿ ಬೀಳುತ್ತದೆ, ಪಟ್ಟಿಯನ್ನು ಸುತ್ತಲೂ ಸರಿಸುತ್ತಿರಿ.

ಬಡಗಿಗಳು ಗಾಜಿನ ಚೂರಿನಿಂದಲೂ ಹೆರೆಯುವುದುಂಟು. ಅದು ಅವರ ಕೈಗೆ ಸರಿ, ನಮಗೆ ಬೇಡ.

ಇಷ್ಟಾದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡಿ. ಒಣಗಿದಾಗ ಮಲಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ. "ಅಯ್ಯೋ, ಮತ್ತೆ ಒರಟಾಯಿತಲ್ಲ!" ಅನ್ನಬೇಡಿ, ಅದಕ್ಕೇ ಮಾಡಿದ್ದು. 320ರ ಕಾಗದದಿಂದ ಹಗುರವಾಗಿ ಸವರಿದರೆ ಎದ್ದ ಎಳೆ ಹೋಗಿ, ಮುಂದೆ ಮಗು ಒದ್ದೆ ಮಾಡಿದರೂ ಮರ ಅಷ್ಟಾಗಿ ಒರಟಾಗುವುದಿಲ್ಲ.

ನಮ್ಮ ನಾಡಿನ ಕೈಗಳು

ಮರಳುಕಾಗದ ಬರುವ ಮೊದಲು ಏನು ಮಾಡುತ್ತಿದ್ದರು ಅಂತೀರಾ? ಗಿಡಮರಗಳೇ ಕೊಡುತ್ತಿದ್ದವು. ಮಲೆನಾಡಿನಲ್ಲಿ ಗರಗತ್ತಿ ಎಂಬ ಮರವಿದೆ, ಅತ್ತಿಯ ಜಾತಿಯದು. ಅದರ ಎಲೆ ಬೆಕ್ಕಿನ ನಾಲಿಗೆಯಂತೆ ಒರಟು. ಮರ, ದಂತ ಉಜ್ಜಲು ಅದನ್ನು ಬಳಸುತ್ತಿದ್ದರು. ಮೆತ್ತಗಿನ ಎಲೆಯನ್ನು ಸುರುಳಿ ಸುತ್ತಿ ಸಂದಿಗೆ ತುರುಕಬಹುದು, ಕಾಗದದ ಹಾಗೆ ಮುರಿಯುವುದಿಲ್ಲ. ಜಪಾನಿನವರೂ ಒಂದು ಬಗೆಯ ಒರಟು ಜೊಂಡಿನಿಂದ ಮರ ಉಜ್ಜುತ್ತಾರೆ.

ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆಗೆ ಅರಗಿನ ಬಣ್ಣ ಕೊಟ್ಟು, ಕೇದಿಗೆ ಜಾತಿಯ ಗಿಡದ ಗರಿಯನ್ನು ಒತ್ತಿಹಿಡಿದು ಹೊಳಪು ತರುತ್ತಾರೆ. ಅಲ್ಲಿ ಬೊಂಬೆ ಯಂತ್ರದಲ್ಲಿ ತಿರುಗುತ್ತದೆ, ಕೈ ನಿಂತಿರುತ್ತದೆ. ಕೆತ್ತನೆಯಲ್ಲಿ ಮರ ನಿಂತಿರುತ್ತದೆ, ಕೈಯೇ ತಿರುಗಬೇಕು. ಅದಕ್ಕೇ ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರು ಶ್ರೀಗಂಧದ ಸಣ್ಣ ಮೂರ್ತಿಗೂ ದಿನಗಟ್ಟಲೆ ಕೂರುವುದು.

ಕೊಪ್ಪಳದ ಕಿನ್ನಾಳದವರದು ಇನ್ನೊಂದು ದಾರಿ. ಹಗುರ ಮರದ ಬೊಂಬೆಯ ಭಾಗಗಳನ್ನು ಜೋಡಿಸಿ, ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು, ಪುಡಿ ಮಾಡಿದ ಸೆಣಬು ಕಲಸಿದ ಕಿಟ್ಟವನ್ನು ಮೆತ್ತಿ ಕೈಯಿಂದ ತೀಡುತ್ತಾರೆ. ಒರಟನ್ನು ಕಳೆಯುವುದಲ್ಲ, ಮುಚ್ಚುವುದು. ಹಂಪಿಯ ಮರದ ತೇರಿನ ಕುಸುರಿ ಇವರ ಹಿರಿಯರದೇ ಎಂಬ ನಂಬಿಕೆಯಿದೆ. ಆದರೆ ಮಗು ಕಚ್ಚುವ ತೊಟ್ಟಿಲಿಗೆ ಮೆತ್ತುವ ದಾರಿ ಬೇಡ, ಚಕ್ಕೆ ಎದ್ದರೆ ಬಾಯಿಗೆ ಹೋಗುತ್ತದೆ.

ಎಲ್ಲಿಗೆ ನಿಲ್ಲಿಸಬೇಕು?

ಇದು ಎಲ್ಲಕ್ಕಿಂತ ಮುಖ್ಯ. ಉಜ್ಜುತ್ತ ಕೂತರೆ ಕೈಗೆ ಒಂದು ರುಚಿ ಹತ್ತುತ್ತದೆ. ಇನ್ನಷ್ಟು, ಇನ್ನಷ್ಟು ಅಂತ ಉಜ್ಜಿ ಗಿಣಿಯ ಕಣ್ಣೇ ಅಳಿಸಿಹೋಗುತ್ತದೆ, ಬಳ್ಳಿ ಸವೆದು ಹುರಿಯಾಗುತ್ತದೆ. ಒಂದು ಲೆಕ್ಕ ಇಟ್ಟುಕೊಳ್ಳಿ: ಮೈಗೆ ತಗಲುವ ಕಡೆ ನುಣುಪು ಬೇಕು, ಕಣ್ಣಿಗೆ ಮಾತ್ರ ಕಾಣುವ ಕಡೆ ಗೆರೆ ಉಳಿಯಬೇಕು. ಮಗುವಿನ ಕೈಗೆ ಸಿಗುವ ಅಂಚು, ಸರಳು, ಒಳಮೈ, ಗಿಣಿಯ ಕೊಕ್ಕು ಇವನ್ನು ರೇಷ್ಮೆ ಜಾರುವಷ್ಟು ನಯ ಮಾಡಿ. ಎತ್ತರದ ಪಟ್ಟಿಯಲ್ಲಿ ಉಳಿಯ ಗುರುತು ಕಂಡರೆ ಕಾಣಲಿ, ಅದು ಕೆತ್ತಿದವರ ಕೈಬರಹ. ದೇವರ ಮಂಟಪಕ್ಕೂ ಹೀಗೆಯೇ. ಗುಡಿಯ ಹಳೆಯ ಕೆತ್ತನೆ, ತೇರಿನ ಗೊಂಬೆಗಳಿಗಂತೂ ನಮ್ಮ ಕಾಗದ ತಾಗಲೇಬಾರದು.

ಕೊನೆಗೆ ಮೇಣ. ಜೇನುಮೇಣ 1 ಭಾಗ, ಅಡಿಗೆಗೆ ಬಳಸುವ ಅಗಸೆ ಎಣ್ಣೆ 4 ಭಾಗ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಆರಿದ ಮೇಲೆ ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಸಂದಿಗೆ ಬ್ರಷ್ಷಿನಿಂದ ಸವರಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನೆಲ್ಲ ಒರೆಸಿ. ಸಂದಿಯಲ್ಲಿ ಎಣ್ಣೆ ನಿಂತರೆ ಅಂಟಾಗಿ ಧೂಳು ಹಿಡಿಯುತ್ತದೆ. ಬಣ್ಣದಂಗಡಿಯ "ಕುದಿಸಿದ" ಅಗಸೆ ಎಣ್ಣೆಗೆ ಬೇಗ ಒಣಗಲು ಬೇರೆ ಮದ್ದು ಸೇರಿಸಿರುತ್ತಾರೆ, ತೊಟ್ಟಿಲಿಗೆ ತರಬೇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾವೇರಿ ಬೆಂಕಿ ಹತ್ತುವುದುಂಟು. ಬಿಡಿಸಿ ಹರವಿ ಒಣಗಿಸಿ ಆಮೇಲೆ ಬಿಸಾಡಿ. ತೊಟ್ಟಿಲು ಮೂರು ನಾಲ್ಕು ವಾರ ಗಾಳಿಯಾಡಲಿ. ಅಂದರೆ ನಾಮಕರಣದ ಹಿಂದಿನ ದಿನ ಮಾಡುವ ಕೆಲಸ ಇದಲ್ಲ, ಏಳನೆಯ ತಿಂಗಳಿನಲ್ಲೇ ಮನೆಯ ಬೇರೆಯವರು ಶುರು ಮಾಡಬೇಕು.

ಹೋಗುವ ದಾರಿ

ಬೆಂಗಳೂರು, ದೊಡ್ಡಬಳ್ಳಾಪುರಗಳಿಂದ ಘಾಟಿಗೆ ಬಸ್ಸುಗಳಿವೆ. ಹತ್ತಿರದ ರೈಲು ನಿಲ್ದಾಣ ಮಾಕಳಿದುರ್ಗ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ಷಷ್ಠಿಯ ದಿನ, ರಜಾದಿನಗಳಲ್ಲಿ ಜನ ಬಹಳ. ನಿಧಾನವಾಗಿ ನೋಡಬೇಕೆಂದಿದ್ದರೆ ಸಾಮಾನ್ಯ ದಿನ ಬೆಳಿಗ್ಗೆಯೇ ಸೇರಿಕೊಳ್ಳಿ. ಪುಷ್ಯದ ಜಾತ್ರೆಗಾದರೆ ಮಕ್ಕಳಿಗೆ ಸ್ವೆಟರು, ಬುತ್ತಿಗೆ ಚಿತ್ರಾನ್ನ, ಕುಡಿಯಲು ನೀರು ಇರಲಿ.

ಬರುವಾಗ ದೊಡ್ಡಬಳ್ಳಾಪುರದಲ್ಲಿ ಇಳಿಯಿರಿ. ಮಗ್ಗಗಳ ಸದ್ದಿನ ಊರು ಅದು, ಸೀರೆ ನೋಡದೆ ಬರುವುದುಂಟೆ? ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ, ರೇಷ್ಮೆಯದೊಂದು ತುಂಡು ಕೇಳಿ ತನ್ನಿ. ತೊಟ್ಟಿಲಿನ ಮೇಲೆ ಸವರಿ ನೋಡುವುದಕ್ಕೆ ಬೇಕಾಗುತ್ತದೆ.